ಚದರಕ್ಕೆ ಎಷ್ಟು ಅಂತ ಕೇಳ್ತೀರಿ, ನೀರಿನ ಬಗ್ಗೆ ಯಾಕೆ ಕೇಳಲ್ಲ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಮನೆ ಕಟ್ಟುವವರಿಗೆ ಅಂತ ವಾರಕ್ಕೊಂದು ಪುಟ ಬರುತ್ತದೆ. ನಾನು ತಪ್ಪದೆ ಓದುತ್ತೇನೆ. ಅಡುಗೆಮನೆಗೆ ಯಾವ ಬಣ್ಣ, ಹಾಲಿಗೆ ಎಂಥ ಟೈಲ್ಸ್, ವಾಸ್ತು ಪ್ರಕಾರ ಬಾಗಿಲು ಯಾವ ಕಡೆ, ಎಲ್ಲಾ ಇರುತ್ತದೆ. ಗೋಡೆ ಬಗ್ಗೆ ಮಾತ್ರ ಒಂದು ಸಾಲೂ ಕಂಡಿಲ್ಲ. ಗೋಡೆ ಅದರ ಪಾಡಿಗೆ ಅದೇ ಎದ್ದು ನಿಲ್ಲುತ್ತದೆ ಅಂದುಕೊಂಡಿದ್ದೀರೋ ಏನೋ! ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನಾನು ತುಮಕೂರು ಕಡೆಯ ಗಾರೆ ಮೇಸ್ತ್ರಿ. ಕರಣೆ ಹಿಡಿದು ಮೂವತ್ತೊಂದು ವರ್ಷ ಆಯಿತು. ಅದಕ್ಕೂ ಮುಂಚೆ ಮೂರು ವರ್ಷ ನಮ್ಮ ದೊಡ್ಡಪ್ಪನ ಕೈಕೆಳಗೆ ಬಾಂಡ್ಲಿ ಹೊತ್ತಿದ್ದೇನೆ. ಇಷ್ಟು ವರ್ಷದಲ್ಲಿ ಮನೆ ಕಟ್ಟಿಸಲು ಬಂದವರೆಲ್ಲ ನನ್ನನ್ನು ಕೇಳಿರುವುದು ಮೂರೇ ಪ್ರಶ್ನೆ. ಚದರಕ್ಕೆ (ಅಂದರೆ ನೂರು ಚದರಡಿಗೆ) ಎಷ್ಟು ತಗೋತೀರಿ? ಯಾವ ಸಿಮೆಂಟ್ ಒಳ್ಳೆಯದು? ಗೃಹಪ್ರವೇಶಕ್ಕೆ ಯಾವಾಗ ಕೊಡ್ತೀರಿ? ಮೂರಕ್ಕೂ ಉತ್ತರ ಹೇಳುತ್ತೇನೆ, ಹೇಳಿ ಹೇಳಿ ಬಾಯಿಪಾಠ ಆಗಿದೆ. ಆದರೆ ಗೋಡೆ ಗಟ್ಟಿಯಾಗುವುದೂ ಹಾಳಾಗುವುದೂ ಆ ಮೂರರಲ್ಲಿ ಇಲ್ಲ. ಇರುವುದು ನೀರಿನಲ್ಲಿ. ಗಾರೆಗೆ ಹಾಕುವ ನೀರು, ಇಟ್ಟಿಗೆ ಕುಡಿಯುವ ನೀರು, ಮರಳಿನೊಳಗೆ ಅಡಗಿ ಕೂತಿರುವ ನೀರು, ಕಟ್ಟಿದ ಮೇಲೆ ಹೊಡೆಯುವ ನೀರು. ಇದನ್ನು ಒಬ್ಬರಾದರೂ ಕೇಳಿದ್ದಾರಾ ಅಂದರೆ, ಇಲ್ಲ.

ಹೋದ ಬೇಸಿಗೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆ ಕೆಲಸ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ನಮ್ಮ ಹುಡುಗರು ದೊಡ್ಡ ಗುಡ್ಡೆ ಗಾರೆ ಕಲಸಿ ಇಟ್ಟುಬಿಟ್ಟಿದ್ದರು. ನಾನು ಆಗ ಸೈಟಿನಲ್ಲಿ ಇರಲಿಲ್ಲ. ಊಟ ಮುಗಿಸಿ, ಎಲೆ ಅಡಿಕೆ ಹಾಕಿ, ಎರಡು ಗಂಟೆಗೆ ಬರುವಷ್ಟರಲ್ಲಿ ಗಾರೆ ಮೇಲೆ ಪೊರೆ ಕಟ್ಟಿ ಗಟ್ಟಿಯಾಗಿತ್ತು. ಒಬ್ಬಾಕೆ ಎರಡು ಚೆಂಬು ನೀರು ಹೊಯ್ದು ಸನಿಕೆಯಿಂದ ಮತ್ತೆ ತಿರುವುತ್ತಿದ್ದರು. ನೋಡಿದರೆ ಮತ್ತೆ ಬೆಣ್ಣೆ ಥರ ಮೆತ್ತಗೆ! ನಾನು ಅಷ್ಟನ್ನೂ ತೆಗೆದು ಗೇಟಿನ ಹತ್ತಿರದ ಗುಂಡಿಗೆ ಸುರಿಸಿದೆ. ಮೇಷ್ಟ್ರಿಗೆ ಹೊಟ್ಟೆ ಉರಿಯಿತು.

"ಅಯ್ಯೋ, ಅರ್ಧ ಮೂಟೆ ಸಿಮೆಂಟು ಹೋಯ್ತಲ್ರೀ ಮೇಸ್ತ್ರಿ! ನೀರು ಹಾಕಿದ್ರೆ ಸರಿಹೋಗ್ತಿರಲಿಲ್ವಾ?"

"ಮೇಷ್ಟ್ರೇ, ಮೆತ್ತಗಾಗುತ್ತೆ, ಸರಿಹೋಗಲ್ಲ" ಅಂದೆ. ಅವರು ನಂಬಲಿಲ್ಲ. ಪಾಠ ಹೇಳಿದವರಲ್ವಾ, ಕಣ್ಣಿಗೆ ಕಾಣಬೇಕು. ಆ ಹಳೇ ಗಾರೆಯಲ್ಲಿ ಒಂದು ಉಂಡೆ ಕಟ್ಟಿದೆ, ನಿಂಬೆಹಣ್ಣಿನಷ್ಟು. ಆಗ ತಾನೇ ಹೊಸದಾಗಿ ಕಲಸಿದ್ದರಲ್ಲಿ ಇನ್ನೊಂದು. ಎರಡನ್ನೂ ಕಿಟಕಿ ಹಾಸಿನ ಮೇಲೆ ಇಟ್ಟು, ದಿನಾ ಎರಡಕ್ಕೂ ಸಮ ನೀರು ಚಿಮುಕಿಸಿ ಅಂತ ಮೇಷ್ಟ್ರಿಗೇ ಹೇಳಿದೆ. ಹತ್ತು ದಿನ ಬಿಟ್ಟು ಹಳೇ ಉಂಡೆಯನ್ನು ಅವರ ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಒತ್ತಿದರು, ಹಳೇ ರವೆ ಉಂಡೆ ಥರ ಉದುರಿಹೋಯಿತು. ಹೊಸದನ್ನು ನೆಲಕ್ಕೆ ಬಡಿದರೂ ಚೂರು ಎದ್ದಿತೇ ಹೊರತು ಒಡೆಯಲಿಲ್ಲ. ಆಮೇಲಿಂದ ಮೇಷ್ಟ್ರು ಕೈಗಡಿಯಾರ ನೋಡಿಕೊಂಡು ಗಾರೆ ಕಾಯಲು ನಿಂತರು. ಅದು ಬೇರೆ ಕಾಟ!

ವಿಷಯ ಇಷ್ಟೇ. ಸಿಮೆಂಟಿಗೆ ನೀರು ಬಿದ್ದ ಗಳಿಗೆಯಿಂದ ಅದು ಕಚ್ಚಲು ಶುರು. ನೀರು ಹಾಕಿದ ಅರ್ಧ ಗಂಟೆಯೊಳಗೆ ಗಾರೆ ಗೋಡೆ ಮೇಲೆ ಇರಬೇಕು, ಬಹಳ ಅಂದರೆ ಒಂದು ಗಂಟೆ. ಅದಾದ ಮೇಲೆ ನೀರು ಹಾಕಿ ತಿರುವಿದರೆ, ಕಚ್ಚಿಕೊಳ್ಳುತ್ತಿದ್ದದ್ದನ್ನು ನಾವೇ ಕಿತ್ತು ಹಾಕಿದ ಹಾಗೆ. ಆದ್ದರಿಂದ ಒಣ ಮರಳು ಸಿಮೆಂಟ್ ಬೇಕಾದರೆ ಒಂದು ಮೂಟೆಯದ್ದು ಬೆರೆಸಿ ಇಟ್ಟುಕೊಳ್ಳಲಿ, ನೀರು ಮಾತ್ರ ಬೇಕಾದಷ್ಟಕ್ಕೇ ಹಾಕಲಿ. ಮರಳು ಹಸಿ ಇದ್ದರೆ ಅದೂ ಬೇಡ, ಆ ಹಸಿಗೇ ಸಿಮೆಂಟು ಕಚ್ಚಲು ಶುರುಮಾಡುತ್ತದೆ. ಮೇಸ್ತ್ರಿ ಒಳ್ಳೆಯವನೋ ಅಲ್ಲವೋ ನೋಡಬೇಕು ಅಂದರೆ ಅವನ ಹಳೇ ಕೆಲಸದ ಫೋಟೋ ಬೇಡ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅವನ ಸೈಟಿಗೆ ಹೋಗಿ, ಎಲ್ಲರೂ ಊಟಕ್ಕೆ ಕೂತಾಗ ನೆಲದ ಮೇಲೆ ಕಲಸಿದ ಗಾರೆ ಎಷ್ಟು ಉಳಿದಿದೆ ನೋಡಿ ಸಾಕು.

ಇನ್ನು ಎಲ್ಲರೂ ಹೇಳುವ ಮಾತು: "ಮೇಸ್ತ್ರಿ, ಸಿಮೆಂಟ್ ಜಾಸ್ತಿ ಹಾಕಿ, ದುಡ್ಡು ನಾನು ಕೊಡ್ತೀನಿ." ಹಾಕಲ್ಲ ಸಾರ್. ಒಂಬತ್ತಿಂಚಿನ ಗೋಡೆಗೆ ಒಂದಕ್ಕೆ ಆರು (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು), ನಾಲ್ಕೂವರೆ ಇಂಚಿನ ಗೋಡೆಗೆ ಒಂದಕ್ಕೆ ನಾಲ್ಕು. ಇದು ನನ್ನ ಲೆಕ್ಕ ಅಲ್ಲ, ಎಲ್ಲಾ ಇಂಜಿನಿಯರುಗಳೂ ಬರೆದುಕೊಡುವುದು ಸಾಮಾನ್ಯವಾಗಿ ಇದನ್ನೇ. ಅದಕ್ಕಿಂತ ಜಾಸ್ತಿ ಸಿಮೆಂಟ್ ಹಾಕಿದರೆ ಗಾರೆ ಒಣಗುವಾಗ ಕುಗ್ಗುತ್ತದೆ, ಸೀಳು ಬಿಡುತ್ತದೆ. ಇನ್ನೊಂದು ಮಾತು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು: ಗಾರೆ ಇಟ್ಟಿಗೆಗಿಂತ ಗಟ್ಟಿ ಇರಬಾರದು. ಪಾಯ ಸ್ವಲ್ಪ ಕೂತಾಗ ಎಲ್ಲೋ ಒಂದು ಕಡೆ ಬಿರುಕು ಬಿಡಲೇಬೇಕು. ಗಾರೆ ಮೆದು ಇದ್ದರೆ ಸಂದಿನಲ್ಲಿ ಕೂದಲೆಳೆಯಷ್ಟು ಬಿಡುತ್ತದೆ, ಅಲ್ಲಿ ತುಂಬಬಹುದು. ಗಾರೆ ಕಬ್ಬಿಣದಂತೆ ಇದ್ದರೆ ಇಟ್ಟಿಗೆಯೇ ಸೀಳುತ್ತದೆ. ಆಗ ಏನು ತುಂಬುತ್ತೀರಿ?

ಒಂದಕ್ಕೆ ಆರು ಅಂತ ಬಾಯಲ್ಲಿ ಹೇಳುವುದು ಸುಲಭ, ಅಳೆಯುವುದು ಯಾರು? ನಮ್ಮವರು ಬಾಂಡ್ಲಿ ಲೆಕ್ಕದಲ್ಲಿ ಹಾಕುತ್ತಾರೆ. ಬೆಳಗ್ಗೆ ಹುಮ್ಮಸ್ಸಿನಲ್ಲಿ ತುಂಬಿದ ಬಾಂಡ್ಲಿ ಗೋಪುರ ಇರುತ್ತದೆ, ಸಂಜೆ ನಾಲ್ಕಕ್ಕೆ ಅದೇ ಬಾಂಡ್ಲಿ ಮುಕ್ಕಾಲಿಗೆ ಬಂದಿರುತ್ತದೆ. ಒಂದೇ ಗೋಡೆಯಲ್ಲಿ ಕೆಳಗೊಂದು ಗಾರೆ, ಮೇಲೊಂದು ಗಾರೆ. ಇದಕ್ಕೆ ಮದ್ದು ಒಂದು ಮರದ ಪೆಟ್ಟಿಗೆ. ತಳ ಇರುವುದು, ಎರಡು ಕಡೆ ಹಿಡಿ ಇರುವುದು. ಒಳಗಿನ ಅಳತೆ 40 ಸೆಂಟಿಮೀಟರ್ ಉದ್ದ, 35 ಅಗಲ, 25 ಎತ್ತರ. ಗುಣಿಸಿ ನೋಡಿ, 35 ಲೀಟರ್ ಬರುತ್ತದೆ. 50 ಕೆಜಿಯ ಒಂದು ಮೂಟೆ ಸಿಮೆಂಟ್ ಹಿಡಿಯುವುದೂ ಅಷ್ಟೇ ಜಾಗ. ಹಾಗಾಗಿ ಒಂದು ಮೂಟೆಗೆ ಆರು ಪೆಟ್ಟಿಗೆ ಮರಳು, ಮೇಲೆ ಕೋಲು ಎಳೆದು ಮಟ್ಟ ಮಾಡಿ. ಮುಗಿಯಿತು. ಬಡಗಿಯವರು ಹಳೇ ಸೆಂಟ್ರಿಂಗ್ ಹಲಗೆಯಲ್ಲಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಲಕ್ಷಗಟ್ಟಲೆ ಸುರಿದು ಮನೆ ಕಟ್ಟುವವರು ಈ ಪೆಟ್ಟಿಗೆಗೆ ಜಿಪುಣತನ ಮಾಡುತ್ತಾರಲ್ಲ, ನನಗೆ ನಗುವೇ ಬರುತ್ತದೆ.

ಪೆಟ್ಟಿಗೆ ಇದ್ದರೂ ಮರಳು ಮೋಸ ಮಾಡುತ್ತದೆ. ಮಳೆಯಲ್ಲಿ ನೆಂದ ಮರಳು ಉಬ್ಬುತ್ತದೆ ಅಂದರೆ ಎಷ್ಟೋ ಜನ ನಂಬಲ್ಲ. ಸ್ವಲ್ಪ ತೇವ ಇದ್ದರೆ ಒಂದೊಂದು ಕಾಳಿನ ಸುತ್ತ ನೀರಿನ ಪೊರೆ ಕಟ್ಟಿಕೊಂಡು ಕಾಳುಗಳು ದೂರ ದೂರ ನಿಲ್ಲುತ್ತವೆ. ನುಣ್ಣನೆ ಮರಳಾದರೆ ನಾಲ್ಕರಲ್ಲಿ ಒಂದು ಪಾಲಿನಷ್ಟು, ಕೆಲವು ಸಲ ಅದಕ್ಕೂ ಜಾಸ್ತಿ ಉಬ್ಬುತ್ತದೆ. ಅಂದರೆ ನೀವು ಆರು ಪೆಟ್ಟಿಗೆ ಹಾಕಿದರೂ ನಿಜವಾಗಿ ಬಿದ್ದಿರುವುದು ಐದರ ಹತ್ತಿರ. ನೋಡಬೇಕಾದರೆ ಒಂದು ಡಬ್ಬಿಗೆ ತೇವದ ಮರಳು ತುಂಬಿ ಎತ್ತರ ಗುರುತು ಮಾಡಿ. ಅದನ್ನು ಹೊರಗೆ ಸುರಿದು, ಡಬ್ಬಿಗೆ ಅರ್ಧ ನೀರು ಹಾಕಿ, ಅದೇ ಮರಳನ್ನು ಮತ್ತೆ ಸುರಿದು ಕಡ್ಡಿಯಿಂದ ಚುಚ್ಚಿ ಚುಚ್ಚಿ ಕೂರಿಸಿ. ಗುರುತಿನಿಂದ ಕೆಳಗೆ ಇಳಿದಿರುತ್ತದೆ. ಎಷ್ಟು ಇಳಿಯಿತೋ ಅದಕ್ಕೆ ತಕ್ಕ ಹಾಗೆ ಮಳೆಗಾಲದಲ್ಲಿ ಮರಳು ಸೇರಿಸಬೇಕು. ಪೂರ್ತಿ ಒಣಗಿದ ಮರಳಿಗೆ ಈ ತಾಪತ್ರಯ ಇಲ್ಲ.

ಮರಳಿನ ಮಣ್ಣಿನಂಶ ನೋಡಲು ನೀರಿನ ಬಾಟಲಿ ಸಾಕು. ಅರ್ಧ ಬಾಟಲಿ ಮರಳು, ಮೇಲೆ ನೀರು, ಒಂದು ಚಮಚ ಉಪ್ಪು, ಚೆನ್ನಾಗಿ ಕುಲುಕಿ ಎರಡು ಮೂರು ಗಂಟೆ ಅಲ್ಲಾಡಿಸದೆ ಬಿಡಿ. ಮರಳಿನ ಮೇಲೆ ಕೆಸರಿನ ಪದರ ಬೇರೆಯಾಗಿ ಕೂರುತ್ತದೆ. ನೂರು ಪಾಲಿನಲ್ಲಿ ಆರೆಂಟು ಪಾಲಿಗಿಂತ ಜಾಸ್ತಿ ಕೆಸರು ಕಂಡರೆ ಆ ಲೋಡು ವಾಪಸ್. ನದಿ ಮರಳು ಈಗ ನಮ್ಮಂಥವರ ಕೈಗೆ ಎಲ್ಲಿ ಸಿಗುತ್ತದೆ? ಕೆರೆ ಮಣ್ಣು ತೊಳೆದ ಫಿಲ್ಟರ್ ಮರಳನ್ನು ನದಿ ಮರಳು ಅಂತ ರಾತ್ರಿ ಹೊತ್ತು ತಂದು ಸುರಿಯುತ್ತಾರೆ, ಅದಕ್ಕೆ ಮರುಳಾಗಬೇಡಿ. ಅದು ಕಾನೂನಿಗೂ ವಿರುದ್ಧ, ಗೋಡೆಗೂ ವಿರುದ್ಧ. ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು ಒಳ್ಳೆಯದೇ, ಭಯ ಬೇಡ. ಕ್ರಷರಿನ ಬರೀ ಧೂಳನ್ನು ಎಂ ಸ್ಯಾಂಡ್ ಅಂತ ಕೊಡುತ್ತಾರಲ್ಲ, ಅದಕ್ಕೆ ಮಾತ್ರ ಹುಷಾರು. ಅಂಗೈಯಲ್ಲಿ ಉಜ್ಜಿ ಊದಿ, ಹಿಟ್ಟಿನ ಥರ ಹಾರಿದರೆ ಬೇಡ ಅನ್ನಿ. ಗೋಡೆ ಕಟ್ಟುವುದಕ್ಕೆ ಎಂ ಸ್ಯಾಂಡ್, ಪ್ಲಾಸ್ಟರಿಂಗಿಗೆ ಇನ್ನೂ ನುಣ್ಣಗಿರುವ ಪಿ ಸ್ಯಾಂಡ್.

ಯಾವ ಸಿಮೆಂಟು ಅಂತ ಕೇಳುವವರಿಗೆ: ಹೆಸರು ನೋಡಬೇಡಿ, ಮೂಟೆ ಮೇಲಿನ ತಾರೀಕು ನೋಡಿ. ಮೂರು ತಿಂಗಳು ದಾಟಿದ್ದರೆ ಬೇಡ. ಗೋಡೆಗೆ ಪಿಪಿಸಿ (ಸಾಮಾನ್ಯವಾಗಿ ಹಾರುಬೂದಿ ಬೆರೆಸಿದ ಸಿಮೆಂಟು) ಧಾರಾಳ ಸಾಕು, ಗಟ್ಟಿತನ ಜಾಸ್ತಿ ಇರುವ 53 ಗ್ರೇಡೇ ಬೇಕು ಅಂತ ಹಟ ಮಾಡುವ ಅಗತ್ಯ ಇಲ್ಲ.

ಈಗ ಇಟ್ಟಿಗೆ. ಮಾಲೂರಿನ ಇಟ್ಟಿಗೆ ಅಂದರೆ ಸಾಕು, ಜನ ಕಣ್ಣು ಮುಚ್ಚಿ ದುಡ್ಡು ಕೊಡುತ್ತಾರೆ. ಮಾಲೂರಿನ ಮಣ್ಣು ಒಳ್ಳೆಯದು, ನಿಜ. ಆದರೆ ಲಾರಿಯಲ್ಲಿ ಬಂದದ್ದೆಲ್ಲ ಮಾಲೂರಿನದ್ದೇ ಆಗಿರುವುದಿಲ್ಲ. ಎರಡು ಇಟ್ಟಿಗೆ ಕೈಗೆ ತಗೊಂಡು ಒಂದಕ್ಕೊಂದು ತಟ್ಟಿ. ಟಣ್ ಅನ್ನಬೇಕು, ದಬ್ ಅಂದರೆ ಸರಿಯಾಗಿ ಬೆಂದಿಲ್ಲ. ಉಗುರಿನಲ್ಲಿ ಗೀರಿದರೆ ಗೀರು ಬೀಳಬಾರದು. ಸೊಂಟದ ಎತ್ತರದಿಂದ ನೆಲಕ್ಕೆ ಬಿಟ್ಟರೆ ಎರಡು ಹೋಳಾಗಬಾರದು. ಇನ್ನೂ ಅನುಮಾನ ಇದ್ದರೆ ಒಣ ಇಟ್ಟಿಗೆಯನ್ನು ಅಂಗಡಿ ತಕ್ಕಡಿಯಲ್ಲಿ ತೂಗಿ, ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೂಕ ಏರಿದರೆ ಅದು ಇಟ್ಟಿಗೆ ಅಲ್ಲ, ಸ್ಪಂಜು.

ಅಳತೆಯಲ್ಲಿ ಆಗುವ ಮೋಸ ಇನ್ನೂ ನಾಜೂಕು. ಇಟ್ಟಿಗೆಯನ್ನು ಸಾವಿರದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಒಂಬತ್ತು ಇಂಚು ಉದ್ದ, ನಾಲ್ಕು ಅಗಲ, ಮೂರು ದಪ್ಪ ಇದ್ದರೆ 108 ಘನ ಇಂಚು. ಈಗ ಉದ್ದದಲ್ಲಿ ಅರ್ಧ ಇಂಚು, ಅಗಲ ದಪ್ಪದಲ್ಲಿ ಕಾಲು ಕಾಲು ಇಂಚು ಕಮ್ಮಿ ಮಾಡಿ. ಕಣ್ಣಿಗೆ ಗೊತ್ತೇ ಆಗಲ್ಲ. ಗುಣಿಸಿದರೆ 88ರ ಹತ್ತಿರ ಬರುತ್ತದೆ. ಐದು ಇಟ್ಟಿಗೆಯಲ್ಲಿ ಒಂದು ಮಾಯ! ಅದರ ಮೇಲೆ ಸಂದು ಜಾಸ್ತಿ ಆಗಿ ಗಾರೆಯೂ ಜಾಸ್ತಿ ಬೇಕು, ಕೂಲಿಯೂ ಜಾಸ್ತಿ. ಸಾವಿರಕ್ಕೆ ಇನ್ನೂರು ರೂಪಾಯಿ ಕಮ್ಮಿ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಟೇಪು ಹಿಡಿಯಿರಿ. ಲೆಕ್ಕ ಹಾಕುವವರಿಗೆ ಒಂದು ಅಂದಾಜು: 19 ಸೆಂಟಿಮೀಟರ್ ಉದ್ದ, ಒಂಬತ್ತೊಂಬತ್ತು ಅಗಲ ದಪ್ಪ ಇರುವ ಮಾಡ್ಯುಲರ್ ಇಟ್ಟಿಗೆಯಾದರೆ ಗಾರೆ ಸೇರಿ ಒಂದು ಘನ ಮೀಟರ್ ಗೋಡೆಗೆ ಸುಮಾರು 500 ಬೇಕು.

ಇಟ್ಟಿಗೆ ನೆನೆಸುವುದು ಯಾಕೆ ಅಂತ ಕೇಳುತ್ತಾರೆ, ಸುಮ್ನೆ ಶಾಸ್ತ್ರಕ್ಕೆ ಅಂದುಕೊಂಡಿರುತ್ತಾರೆ. ಒಣ ಇಟ್ಟಿಗೆಗೆ ಬಾಯಾರಿಕೆ. ಗಾರೆ ಮೇಲೆ ಇಟ್ಟ ತಕ್ಷಣ ಅದರ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಸಿಮೆಂಟು ಕಚ್ಚಲು ನೀರೇ ಇರುವುದಿಲ್ಲ, ಗಾರೆ ಪುಡಿಯಾಗಿ ಉಳಿಯುತ್ತದೆ. ತೊಟ್ಟಿಯಲ್ಲಿ ಹಾಕಿ, ಗುಳ್ಳೆ ಬರುವುದು ನಿಲ್ಲುವ ತನಕ ಬಿಡಬೇಕು. ಹೊರಗೆ ತೆಗೆದು ಮೈ ಮೇಲಿನ ನೀರು ಆರಿದ ಮೇಲೆ ಕಟ್ಟಬೇಕು, ತೊಟ್ಟಿಕ್ಕುವ ಇಟ್ಟಿಗೆ ಜಾರುತ್ತದೆ. ಪೈಪು ಹಿಡಿದು ರಾಶಿಯ ಮೇಲೆ ಎರಡು ನಿಮಿಷ ನೀರು ಹಾಯಿಸಿದರೆ ಮೇಲಿನ ಸಾಲು ಮಾತ್ರ ಒದ್ದೆ, ಒಳಗೆ ಬೆಂಗಾಡು. ಗುಂಡಿ ಇರುವ ಮುಖ ಮೇಲಕ್ಕೆ ಬರಬೇಕು, ಗಾರೆ ಅದರೊಳಗೆ ಕೂರಲಿ ಅಂತ. ಸಂದಿನ ಮೇಲೆ ಸಂದು ಬರಬಾರದು. ಸಂದು ಹತ್ತು ಮಿಲಿಮೀಟರ್, ಅಂದರೆ ನಿಮ್ಮ ಕಿರುಬೆರಳಿನ ದಪ್ಪಕ್ಕಿಂತ ಚೂರು ಕಮ್ಮಿ.

ಸಿಮೆಂಟ್ ಬ್ಲಾಕಿಗೆ ಇದು ಉಲ್ಟಾ. ಅದನ್ನು ನೆನೆಸಬಾರದು. ಒದ್ದೆ ಬ್ಲಾಕು ಗೋಡೆಯಲ್ಲಿ ಕೂತ ಮೇಲೆ ಒಣಗಿ ಕುಗ್ಗುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬರುತ್ತದೆ. ತೀರಾ ಬಿಸಿಲಿದ್ದರೆ ಗಾರೆ ತಾಗುವ ಮೈಗೆ ನೀರು ಚಿಮುಕಿಸಿದರೆ ಸಾಕು. ನಮ್ಮ ಕಡೆ ರಸ್ತೆ ಬದಿಯಲ್ಲಿ ಸೋಮವಾರ ಅಚ್ಚು ಹಾಕಿ ಶನಿವಾರ ಟ್ರ್ಯಾಕ್ಟರಿಗೆ ತುಂಬುವವರಿದ್ದಾರೆ. ನಿಯಮದ ಪ್ರಕಾರ ಎರಡು ವಾರ ನೀರು ಕುಡಿದು, ನಾಲ್ಕು ವಾರ ಒಣಗಬೇಕು. ಇಟ್ಟಿಗೆಯೋ ಬ್ಲಾಕೋ ಯಾವುದು ಮೇಲು ಅಂತ ಕೇಳಿದರೆ, ಹಳೇ ಬ್ಲಾಕು ಹಸಿ ಇಟ್ಟಿಗೆಗಿಂತ ಮೇಲು, ಬೆಂದ ಇಟ್ಟಿಗೆ ಹೊಸ ಬ್ಲಾಕಿಗಿಂತ ಮೇಲು. ಮಂಗಳೂರು ಕಡೆಯವರಿಗೆ ಈ ಜಗಳವೇ ಇಲ್ಲ, ಅವರಿಗೆ ಕೆಂಪುಕಲ್ಲಿದೆ.

ನನ್ನ ತಪ್ಪೂ ಒಂದು ಹೇಳಬೇಕು. ಇಲ್ಲದಿದ್ದರೆ ದೊಡ್ಡ ಪಂಡಿತ ಅಂದುಕೊಳ್ಳುತ್ತೀರಿ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ನಾಲ್ಕೂವರೆ ಇಂಚಿನ ಒಂದು ಅಡ್ಡಗೋಡೆ. ದೊಡ್ಡಪ್ಪ ಬೇರೆ ಸೈಟಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಮುಗಿಸಿ ಶಭಾಷ್ ಅನ್ನಿಸಿಕೊಳ್ಳೋಣ ಅಂತ ಬೆಳಗ್ಗೆ ಏಳಕ್ಕೆ ಶುರು ಮಾಡಿ ಸಂಜೆಗೆ ಒಂಬತ್ತು ಅಡಿ ಏರಿಸಿಬಿಟ್ಟೆ. ಕೆಳಗಿನ ವರಸೆಗಳ ಗಾರೆ ಇನ್ನೂ ಹಸಿ, ಮೇಲಿನ ಭಾರ ಅದರ ಮೇಲೆ. ಮಾರನೇ ದಿನ ಬೆಳಗ್ಗೆ ನೋಡಿದರೆ ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು. ಪ್ಲಾಸ್ಟರಿಂಗಿನಲ್ಲಿ ಮುಚ್ಚಿಹಾಕೋಣ ಅಂತ ನನ್ನ ಯೋಚನೆ. ದೊಡ್ಡಪ್ಪ ಬಂದರು. ಬಾಯಿ ಬಿಡಲಿಲ್ಲ. ಜೇಬಿನಿಂದ ತೂಗುಗುಂಡು ತೆಗೆದು ಮೇಲಿನಿಂದ ಇಳಿಬಿಟ್ಟರು. ದಾರಕ್ಕೂ ಗೋಡೆಗೂ ನಡುವೆ ಒಂದು ಕಡೆ ಎರಡು ಬೆರಳು ಹೋಗುತ್ತಿತ್ತು, ಇನ್ನೊಂದು ಕಡೆ ದಾರ ಗೋಡೆಗೇ ಅಂಟಿತ್ತು. ದಾರ ಸುತ್ತಿ ಗುಂಡನ್ನು ಜೇಬಿಗೆ ಹಾಕಿಕೊಂಡರು. ಎಲ್ಲರನ್ನೂ ದೂರ ಸರಿಸಿ, ಒಂದು ಗಳು ತಗೊಂಡು ನೂಕಿದರು. ಅಷ್ಟೂ ಗೋಡೆ ಮಲಗಿತು. "ಇಟ್ಟಿಗೆ ಕೆರೆದು ಜೋಡಿಸು, ಎರಡು ದಿನದ ಕೂಲಿ ನಿಂಗಿಲ್ಲ" ಅಂದರು, ಅಷ್ಟೇ. ದಿನಕ್ಕೆ ಒಂದೂವರೆ ಮೀಟರ್, ಅಂದರೆ ಐದು ಅಡಿಗಿಂತ ಜಾಸ್ತಿ ಏರಿಸಬಾರದು ಅಂತ ನಿಯಮ ಇರುವುದು ಆಮೇಲೆ ತಿಳಿಯಿತು. ತಿಳಿಯುವ ಮುಂಚೆಯೇ ಪಾಠ ಆಗಿತ್ತು.

ಆದ್ದರಿಂದ "ಇವತ್ತೇ ಲಿಂಟಲ್ (ಬಾಗಿಲು ಕಿಟಕಿ ಮೇಲಿನ ತೊಲೆ) ಮಟ್ಟ ಮುಗಿಸಿಬಿಡಿ, ನಾಳೆ ಅಮಾವಾಸ್ಯೆ" ಅಂತ ಒತ್ತಾಯ ಮಾಡುವ ಯಜಮಾನರಿಗೆ ನನ್ನ ನಮಸ್ಕಾರ. ಒಬ್ಬ ಗಾರೆಯವನು, ಜೊತೆಗೆ ಇಬ್ಬರು ಆಳು ಇದ್ದರೆ ದಿನಕ್ಕೆ ಐನೂರರಿಂದ ಏಳುನೂರು ಇಟ್ಟಿಗೆ ಒಪ್ಪವಾಗಿ ಕಟ್ಟಬಹುದು. ಸಾವಿರದ ಐನೂರು ಕಟ್ಟಿದೆ ಅಂತ ಜಂಬ ಕೊಚ್ಚುವವನ ಗೋಡೆಗೆ ಗುಂಡು ಇಳಿಬಿಟ್ಟು ನೋಡಿ.

ಕಟ್ಟಿದ ಮೇಲಿನ ನೀರಿನ ಬಗ್ಗೆ ಜಗಳ ಇಲ್ಲದ ಸೈಟೇ ಇಲ್ಲ. ಗೋಡೆಗೆ ಕನಿಷ್ಠ ಏಳು ದಿನ, ಪಿಪಿಸಿ ಸಿಮೆಂಟಾದರೆ ಹತ್ತು ದಿನ ನೀರು ಹೊಡೆಯಬೇಕು. ಯಾರು ಹೊಡೆಯಬೇಕು? ಮೇಸ್ತ್ರಿ ಅಂತ ಯಜಮಾನರು, ಯಜಮಾನರು ಅಂತ ಮೇಸ್ತ್ರಿ. ನಡುವೆ ಗೋಡೆ ಒಣಗಿ ಬೆಳ್ಳಗೆ ನಿಂತಿರುತ್ತದೆ. ಬಾಗಿಲ ಮುಂದೆ ಬೆಳಗ್ಗೆ ಒಂದು ಸಲ ಪೈಪು ಹಿಡಿದು ಫೋನಿನಲ್ಲಿ ಮಾತಾಡುತ್ತಾ ನೀರು ಹಾಕಿದರೆ ಆಗಲಿಲ್ಲ. ಬೇಸಿಗೆಯಲ್ಲಿ ಮೂರು ಸಲ, ಪಡುವಣ ದಿಕ್ಕಿನ ಗೋಡೆಗೆ ಇನ್ನೊಂದು ಸಲ, ಮೂಲೆಗಳಿಗೆ ಕೈ ಹೋಗಬೇಕು. ಇದು ಯಾರ ಕೆಲಸ ಅಂತ ಮೊದಲ ದಿನವೇ ಕಾಗದದಲ್ಲಿ ಬರೆದುಕೊಳ್ಳಿ. ಸಂಬಳಕ್ಕೆ ಒಬ್ಬರನ್ನು ಇಡುವುದಾದರೆ ಅದರ ದುಡ್ಡು ಯಾರದ್ದು ಅಂತಲೂ.

ಬರೆದುಕೊಳ್ಳುವ ವಿಷಯ ಬಂತಲ್ಲ, ಮೇಸ್ತ್ರಿಯನ್ನು ಗೊತ್ತು ಮಾಡುವ ಬಗ್ಗೆಯೂ ಹೇಳಿಬಿಡುತ್ತೇನೆ. ಧಾರವಾಡದ ಕಡೆ ಗೌಂಡಿ ಅನ್ನುತ್ತಾರೆ, ಹೆಸರು ಬೇರೆ, ಗೋಳು ಒಂದೇ. ಚದರಕ್ಕೆ ಇಷ್ಟು ಅಂತ ದರ ಹೇಳಿದರೆ ಆ ಚದರದೊಳಗೆ ಏನೇನು ಬಂತು ಕೇಳಿ. ಸಂಪು ಬಂತಾ? ಪ್ಯಾರಾಪೆಟ್, ಸಜ್ಜಾ, ಕಾಂಪೌಂಡ್, ಮೆಟ್ಟಿಲು? ಸಾರ್ವೆ ಮರ, ಸೆಂಟ್ರಿಂಗ್ ಬಾಡಿಗೆ ಯಾರದ್ದು? ಸೈಜುಗಲ್ಲಿನ ಪಾಯ ಬೇರೆ ಲೆಕ್ಕವೋ ಒಂದೇ ಲೆಕ್ಕವೋ? ದರ ಕಮ್ಮಿ ಹೇಳಿದವನು ಇವನ್ನೆಲ್ಲ ಹೊರಗೆ ಇಟ್ಟಿರುತ್ತಾನೆ, ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಒಂದೊಂದಾಗಿ ಹೊರಗೆ ತೆಗೆಯುತ್ತಾನೆ. ಆಗ ನೀವು ಬಿಡುವ ಹಾಗೂ ಇಲ್ಲ, ಕಟ್ಟಿಕೊಳ್ಳುವ ಹಾಗೂ ಇಲ್ಲ. ದುಡ್ಡನ್ನು ಕೆಲಸದ ಹಂತಕ್ಕೆ ಕೊಡಿ. ಪಾಯ, ಕಿಟಕಿ ಮಟ್ಟ, ಲಿಂಟಲ್, ಮೋಲ್ಡ್ (ಕಾಂಕ್ರೀಟ್ ಛಾವಣಿ), ಪ್ಲಾಸ್ಟರಿಂಗ್, ಹೀಗೆ. ಅಡ್ವಾನ್ಸ್ ಅಂತ ದೊಡ್ಡ ಗಂಟು ಒಂದೇ ಸಲ ಕೊಟ್ಟರೆ ಅದು ಇನ್ನೊಬ್ಬರ ಮನೆ ಬಾಕಿ ತೀರಿಸಲು ಹೋಗುತ್ತದೆ. ಇದನ್ನು ಮೇಸ್ತ್ರಿಯಾಗಿ ನಾನೇ ಹೇಳುತ್ತಿದ್ದೇನೆ.

ಆ ಕಡೆಯ ಮಾತೂ ಕೇಳಿ. ಗೃಹಪ್ರವೇಶಕ್ಕೆ ಐನೂರು ಜನಕ್ಕೆ ಊಟ ಹಾಕಿದವರು ಮೇಸ್ತ್ರಿಯ ಕೊನೇ ಕಂತಿಗೆ ಆರು ತಿಂಗಳು ಓಡಾಡಿಸುತ್ತಾರೆ. ನನಗೆ ಈಗಲೂ ಎರಡು ಮನೆಯಿಂದ ಬರಬೇಕು. ಕೊನೇ ಕಂತಿನಲ್ಲಿ ಸ್ವಲ್ಪ ಹಿಡಿದುಕೊಳ್ಳಿ, ತಪ್ಪಿಲ್ಲ, ಆದರೆ ಯಾವ ದಿನ ಕೊಡುತ್ತೀರಿ ಅಂತ ಅದನ್ನೂ ಬರೆಯಿರಿ.

ಹೆಣ್ಣಾಳುಗಳ ಕೂಲಿ ಬಗ್ಗೆ ಬರೆಯದಿದ್ದರೆ ನನ್ನ ಹೆಂಡತಿ ಬಿಡುವುದಿಲ್ಲ, ಅವಳೂ ಇದೇ ಕೆಲಸ ಮಾಡಿದವಳು. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಇವತ್ತಿಗೂ ಅದೇ ಗಾರೆ ಕಲಸಿ, ಅದೇ ಬಾಂಡ್ಲಿ ಹೊತ್ತು ಸಾರ್ವೆ ಹತ್ತುವ ಹೆಂಗಸಿಗೆ ಗಂಡಾಳಿಗಿಂತ ಕಮ್ಮಿ. ನನ್ನ ಸೈಟಿನಲ್ಲಿ ಸಮ ಮಾಡಿದ್ದು ಈಚೆಗೆ, ಆರು ವರ್ಷದಿಂದ. ಮುಂಚೆ ನಾನೂ ಕಮ್ಮಿಯೇ ಕೊಡುತ್ತಿದ್ದೆ.

ಇನ್ನೊಂದು, ಮನೆ ಕಟ್ಟಿಸುವವರಿಗೆ ಕಾಸಿನ ಖರ್ಚಿಲ್ಲದ ಉಪಕಾರ. 1996ರ ಕೇಂದ್ರ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಆಗಿದೆ. ಹದಿನೆಂಟರಿಂದ ಅರವತ್ತು ವರ್ಷದೊಳಗಿನವರು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಡು ಮಾಡಿಸಬಹುದು. ಆ 90 ದಿನಕ್ಕೆ ಕೆಲಸ ಕೊಟ್ಟವರ ಸಹಿ ಕೇಳುತ್ತಾರೆ. ಸಹಿ ಕೇಳಿದರೆ ಎಷ್ಟೋ ಯಜಮಾನರು ಕೋರ್ಟಿಗೆ ಎಳೆಯುತ್ತಾರೇನೋ ಅನ್ನೋ ಹಾಗೆ ಹಿಂದೆ ಸರಿಯುತ್ತಾರೆ. ಕೊನೆಗೆ ಕರಣೆಯನ್ನೇ ಮುಟ್ಟದವರ ಹತ್ತಿರ ಕಾರ್ಡ್ ಇರುತ್ತದೆ, ನಮ್ಮ ಹುಡುಗನ ಹತ್ತಿರ ಇಲ್ಲ. ನಿಮ್ಮ ಮನೆಯಲ್ಲಿ ನಿಜವಾಗಿ ಕೆಲಸ ಮಾಡಿದವರಿಗೆ ಹೆದರದೆ ಸಹಿ ಹಾಕಿ. ಕೆಲಸ ಮಾಡದವರು ಬಂದರೆ ಕಾಫಿ ಕೊಟ್ಟು ಕಳಿಸಿ.

ಬಿರುಕಿನ ಬಗ್ಗೆ ಎರಡು ಮಾತು. ಪಿಲ್ಲರ್ ಮತ್ತು ಗೋಡೆ ಸೇರುವ ಕಡೆ ಉದ್ದಕ್ಕೆ ಗೆರೆ ಬಿಡುವುದು ಮೇಸ್ತ್ರಿಯ ಮೋಸ ಅಂತ ಎಲ್ಲರೂ ಬೈಯುತ್ತಾರೆ. ಕಾಂಕ್ರೀಟು ಬಿಸಿಲಿಗೆ ಹಿಗ್ಗುವುದು ಬೇರೆ, ಇಟ್ಟಿಗೆ ಹಿಗ್ಗುವುದು ಬೇರೆ. ಪ್ಲಾಸ್ಟರಿಂಗ್ ಮಾಡುವ ಮುಂಚೆ ಆ ಸಂದಿನ ಮೇಲೆ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆಸಿದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಹೊಡೆಸದಿದ್ದರೆ ಮಾತ್ರ ಅದು ಮೇಸ್ತ್ರಿಯ ತಪ್ಪೇ. ಇನ್ನು ನಾಲ್ಕೂವರೆ ಇಂಚಿನ ಗೋಡೆಯಲ್ಲಿ ವೈರಿಂಗಿನವರು ಅಡ್ಡಡ್ಡ ಕೊರೆಯುತ್ತಾರಲ್ಲ, ದಯವಿಟ್ಟು ಬಿಡಬೇಡಿ. ಮೇಲಿಂದ ಕೆಳಕ್ಕೆ ಕೊರೆಯಲಿ. ಅಡ್ಡ ಕೊರೆದರೆ ಅರ್ಧ ಗೋಡೆಯೇ ಕತ್ತರಿಸಿದ ಹಾಗೆ.

ಹಳೇ ಮನೆ ಇರುವವರಿಗೆ ಒಂದು ಎಚ್ಚರಿಕೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಯಬೇಡಿ. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಾಯಿ ಮುಚ್ಚಿಸುತ್ತದೆ, ತೇವ ಒಳಗೇ ಕೂತು ಉಪ್ಪು ಹೂ ಬಿಟ್ಟು ಗೋಡೆ ಉದುರುತ್ತದೆ. ಸುಣ್ಣ ಅಂದರೆ ಮೂಗು ಮುರಿಯುವವರು ಕನ್ನಂಬಾಡಿ ಕಟ್ಟೆಗೆ ಹೋಗಿ ಬನ್ನಿ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಗೆ ಬಳಸಿದ್ದು ಸುಣ್ಣ ಮತ್ತು ಸುಟ್ಟ ಮಣ್ಣಿನ ಪುಡಿ ಸೇರಿದ ಸುರ್ಕಿ ಗಾರೆ. ದೊಡ್ಡಪ್ಪನ ಕಾಲದಲ್ಲಿ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಗಾಣದಲ್ಲಿ ಗಾರೆ ಅರೆಯುತ್ತಿದ್ದರಂತೆ. ನಾನು ಗಾಣದ ಕಲ್ಲು ನೋಡಿದ್ದೇನೆ, ತಿರುಗುವುದು ನೋಡಿಲ್ಲ.

ಪತ್ರ ಉದ್ದ ಆಯಿತು, ಜಾಗ ಸಾಲದು ಅಂತ ನನಗೂ ಗೊತ್ತು. ಕತ್ತರಿಸುವುದಾದರೆ ಕನ್ನಂಬಾಡಿ ವಿಷಯ ಕತ್ತರಿಸಿ, ನನ್ನ ಗೋಡೆ ಬಿದ್ದ ಕಥೆಯನ್ನೂ ಬೇಕಾದರೆ ತೆಗೆಯಿರಿ. ಪೆಟ್ಟಿಗೆಯ ಅಳತೆ ಮಾತ್ರ ಬಿಡಬೇಡಿ, ತಪ್ಪಾಗಿಯೂ ಅಚ್ಚು ಮಾಡಬೇಡಿ: 40, 35, 25. ಸೆಂಟಿಮೀಟರ್, ಇಂಚು ಅಲ್ಲ.

ಇಂತಿ,
ಒಬ್ಬ ಗಾರೆ ಮೇಸ್ತ್ರಿ
ತುಮಕೂರು ಜಿಲ್ಲೆ